ಭಟ್ಟಿ ಬಾಜೂಕಿನ ರಕ್ತದ ಖೋಲಿ

ಹುಳಿ ಬಂದ ಮೈದಾ ಹಿಟ್ಟಿನ ವಾಸನೆ ಮೂಗಿಗೆ ಬಿತ್ತೆಂದರೆ ನನ್ನ ನಾಲಿಗೆ ತಾನಾಗಿಯೇ ಮೇಲಿನ ಸಾಲಿನ ಒಂದು ಹಲ್ಲನ್ನು ಹುಡುಕಿಕೊಂಡು ಹೋಗುತ್ತದೆ. ಆ ಹಲ್ಲು ಅರ್ಧವೇ ಉಳಿದಿದೆ. ಇನ್ನರ್ಧ ಖಾನಾಪುರದ ಒಂದು ಬೇಕರಿಯ ನೆಲದಲ್ಲಿ, ಚೆಲ್ಲಿದ ಮೈದಾದೊಳಗೆ ಎಲ್ಲೋ ಹೋಯಿತು. ಹುಡುಕುವ ವ್ಯವಧಾನ ಅವತ್ತು ಯಾರಿಗೂ ಇರಲಿಲ್ಲ.

ಹೋದ ತಿಂಗಳು ಮತ್ತೆ ಅಲ್ಲಿಗೆ ಹೋಗಬೇಕಾಯಿತು. ನಮ್ಮ ಲ್ಯಾಬಿನ ಖಾನಾಪುರ ಕೇಂದ್ರದಲ್ಲಿ ರಕ್ತ ತೆಗೆಯುವವಳು ರಜೆ ಹಾಕಿದ್ದಳು. ಬೆಳಗಾವಿಯಲ್ಲಿ ಬೇರೆ ಯಾರೂ ಕೈಗೆ ಸಿಗಲಿಲ್ಲವೆಂದು ಮಾಲೀಕರು ನನ್ನನ್ನೇ ಅಟ್ಟಿದರು. ಏಳು ವರ್ಷ ನಾನಾ ನೆವ ಹೇಳಿ ಆ ಊರನ್ನು ತಪ್ಪಿಸಿದ್ದೆ. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದದ್ದೇ ತಡ, ಜಿಟಿಜಿಟಿ ಮಳೆಯ ಜೊತೆ ಆ ವಾಸನೆ ಬಂತು. ಬೇಕರಿ ಇನ್ನೂ ನಡೆಯುತ್ತಿದೆ ಎಂದು ಮೂಗೇ ಹೇಳಿತು.

ಏಳು ವರ್ಷದ ಹಿಂದಿನ ಆ ಮಳೆಗಾಲ ನಾನು ಖಾನಾಪುರದಲ್ಲಿ ಕಳೆದ ಒಂದೇ ಒಂದು ಮಳೆಗಾಲ. ಕೇಂದ್ರ ಅಂದರೆ ದೊಡ್ಡದೇನಲ್ಲ, ಒಂದು ಖೋಲಿ. ಒಂದು ಕುರ್ಚಿ, ಒಂದು ಮೇಜು, ರಕ್ತ ತಿರುಗಿಸುವ ಯಂತ್ರ, ಒಂದು ಐಸ್ ಡಬ್ಬಿ. ಜನ ಅದನ್ನು ರಕ್ತದ ಖೋಲಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ರಕ್ತ ತೆಗೆದು, ತಿರುಗಿಸಿ, ಡಬ್ಬಿಯಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಕಳಿಸುವುದು ನನ್ನ ಕೆಲಸ. ವರದಿ ಬಂದ ಮೇಲೆ ಅಚ್ಚು ಹಾಕಿ ಕೈಗೆ ಕೊಡುವುದು. ಅಷ್ಟೇ ಇರಬೇಕಿತ್ತು. ಆದರೆ ಆ ಊರಿನಲ್ಲಿ ಒಂದು ರೂಢಿ ಇತ್ತು: ವರದಿ ಕೈಗೆ ಬಂದವರು ಅದನ್ನು ತೆಗೆದುಕೊಂಡು ಹೋಗುತ್ತಿರಲಿಲ್ಲ, ಎದುರಿಗೇ ಕೂತುಬಿಡುತ್ತಿದ್ದರು. "ಓದಿ ಹೇಳ್ರಿ." ಡಾಕ್ಟರ ಬಳಿ ಹೋಗುವುದು ಆಮೇಲೆ, ಬೆಳಗಾವಿಗೆ ಹೋಗಲು ಬಸ್ಸು ಸಿಕ್ಕ ದಿನ. ಮೊದಲು ರಕ್ತ ತೆಗೆದವನೇ ಅರ್ಥ ಹೇಳಬೇಕು.

ನಾನೂ ಹೇಳುತ್ತಿದ್ದೆ. ಸುಳ್ಳು ಯಾಕೆ, ಅದರಲ್ಲಿ ನನಗೆ ಸುಖವಿತ್ತು. ಬೆಳಗಾವಿಯ ಲ್ಯಾಬಿನಲ್ಲಿ ನಾನು ಬರೀ ಶಿವಾನಂದ, ಸೂಜಿ ಚುಚ್ಚುವವ. ಇಲ್ಲಿ ಮುದುಕರೂ ಟೋಪಿ ತೆಗೆದು 'ಡಾಕ್ಟರ್‌ಸಾಬ್' ಅನ್ನುತ್ತಿದ್ದರು. ಅಂಕಿಯ ಕೆಳಗೆ ಬೆರಳಿಟ್ಟು, ಮುಖ ಗಂಭೀರ ಮಾಡಿ, "ಸಕ್ಕರಿ ಏರೇತಿ, ಬೆಲ್ಲ ಬಿಡ್ರಿ" ಎಂದರೆ ಅವರು ತಲೆ ಅಲ್ಲಾಡಿಸುವ ರೀತಿಯೇ ಬೇರೆ. ಅಲ್ಪನಿಗೆ ಐಶ್ವರ್ಯ ಬಂದ ಕಥೆ. ಪ್ರತಿ ವರದಿಯ ಕೊನೆಗೂ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, 'ಇದನ್ನು ರೋಗಿಯ ಇತರ ಲಕ್ಷಣಗಳ ಜೊತೆಗೆ ವೈದ್ಯರು ನೋಡತಕ್ಕದ್ದು' ಅಂತ. ಆ ಸಾಲನ್ನು ನಾನು ಯಾರಿಗೂ ಓದಿ ಹೇಳಿದ್ದಿಲ್ಲ.

ನನ್ನ ಖೋಲಿಗೂ ಬೇಕರಿಗೂ ಒಂದೇ ಗೋಡೆ. ಗೋಡೆಯ ಆಚೆ ಭಟ್ಟಿ. ಹೊರಗೆ ಮಳೆ ಮಲಪ್ರಭೆಯನ್ನು ದಿನಕ್ಕೊಂದು ಮೆಟ್ಟಿಲು ಏರಿಸುತ್ತಿದ್ದರೆ ನನ್ನ ಬೆನ್ನ ಹಿಂದಿನ ಗೋಡೆ ಬೆಚ್ಚಗಿರುತ್ತಿತ್ತು. ನಡುವೆ ಒಂದು ಬಾಗಿಲಿತ್ತು, ಅಗಳಿ ಹಾಕುತ್ತಿರಲಿಲ್ಲ. ಚಹಾ ಆ ಬಾಗಿಲಿನಿಂದಲೇ ಬರುತ್ತಿತ್ತು, ಜೊತೆಗೆ ಬಿಸಿ ಖಾರಿ ಬಿಸ್ಕೀಟು.

ಬೇಕರಿ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಮಕ್ತುಂಸಾಬ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ ಕೂಡುವವನು, ಹೆಚ್ಚು ಮಾತಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ತಮ್ಮ ದಸ್ತಗೀರ ಹಿಟ್ಟು ನಾದುವವನು. ಅಂಥ ಕೈ ನಾನು ಮತ್ತೆ ನೋಡಿಲ್ಲ. ಒಂದು ಮೂಟೆ ಮೈದಾವನ್ನು ಒಬ್ಬನೇ ನಾದಿ, ಮೇಜಿನ ಮೇಲೆ ಎತ್ತಿ ಒಗೆದು, ಎಡಗೈಯಲ್ಲಿ ಮುರಿದು ಬಲಗೈಯಲ್ಲಿ ಉಂಡೆ ಕಟ್ಟಿದರೆ ತೂಕದಲ್ಲಿ ಗುಲಗಂಜಿ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ.

ಇಬ್ಬರ ನಡುವೆ ಒಂದು ಹಳೇ ಹೊಗೆ ಇತ್ತು. ಅವರ ತಾಯಿ ಬದುಕಿರುವವರೆಗೆ ಆ ಬೇಕರಿಯಲ್ಲಿ ಈಸ್ಟ್ ಪೊಟ್ಟಣ ಕಾಲಿಟ್ಟಿರಲಿಲ್ಲ. ಇವತ್ತಿನ ಹಿಟ್ಟಿನಲ್ಲಿ ಒಂದು ಮುಷ್ಟಿ ತೆಗೆದು ಗಡಿಗೆಯಲ್ಲಿಟ್ಟು, ನಾಳಿನ ಹಿಟ್ಟಿಗೆ ಅದನ್ನೇ ಬೆರೆಸಿ ಉಬ್ಬಿಸುವುದು. ಅದಕ್ಕೆ ಖಮೀರ ಅನ್ನುತ್ತಿದ್ದರು. ಅವಳ ಅತ್ತೆಯ ಕಾಲದಿಂದ ಒಂದು ದಿನ ತಪ್ಪದೆ ಬಂದ ಗಡಿಗೆ ಅದು. ಅವಳು ಹೋದ ಮೇಲೆ ಬಂದ ಒಂದು ಮಳೆಗಾಲ ಖಮೀರ ಏಳದೆ, ಪಾವ್ ಕಲ್ಲಿನಂತಾಗಿ ಗಿರಾಕಿಗಳು ಬಿಟ್ಟುಹೋದರು. ದಸ್ತಗೀರ ಗಡಿಗೆ ಬರಿದು ಮಾಡಿ ಪೊಟ್ಟಣ ತಂದ. ಪಾವ್ ಹೂವಿನಂತೆ ಎದ್ದವು. ಮಕ್ತುಂಸಾಬ ಎರಡು ದಿನ ಊಟ ಬಿಟ್ಟ. "ಅಮ್ಮೀಜಾನ್‌ನ ಗಟಾರಕ್ಕ ಚೆಲ್ಲಿದ" ಎಂದು ನನಗೇ ಮೂರು ಸಲ ಹೇಳಿದ್ದ.

ಮಕ್ತುಂಸಾಬನಿಗೆ ಒಬ್ಬನೇ ಮಗ, ಇರ್ಫಾನ. ಇಪ್ಪತ್ತಮೂರು ವಯಸ್ಸು. ಗಾಡಿಯ ಹಿಂದೆ ಡಬ್ಬಾ ಕಟ್ಟಿಕೊಂಡು ನಂದಗಡದಿಂದ ಲೋಂಡಾದವರೆಗೆ ಪಾವ್, ಖಾರಿ, ಟೋಸ್ಟು ಹಾಕಿ ಬರುತ್ತಿದ್ದ. ಒಂದು ವರ್ಷದಿಂದ ಅವನ ಹೊಟ್ಟೆ ಕೆಟ್ಟಿತ್ತು. ಬಲಗಡೆ ಕೆಳಹೊಟ್ಟೆಯಲ್ಲಿ ಹಿಂಡುವ ನೋವು, ದಿನಕ್ಕೆ ಎಂಟು ಹತ್ತು ಸಲ ಭೇದಿ, ಅದರಲ್ಲಿ ಲೋಳೆ, ಒಮ್ಮೊಮ್ಮೆ ರಕ್ತ. ಮೈ ಇಳಿದು ಅಂಗಿ ಹ್ಯಾಂಗರಿಗೆ ಹಾಕಿದಂತೆ ಕಾಣುತ್ತಿತ್ತು. ಆದರೂ ನಗುತ್ತಿದ್ದ. "ಶಿವಾನಂದಣ್ಣ, ಲೋಂಡಾತನಕ ಯಾವ ಗಿಡದ ಮರಿಗೆ ಕುಂದ್ರಬೇಕು, ಯಾರ ಹಿತ್ತಲದಾಗ ನೀರ ಸಿಗ್ತೈತಿ, ಎಲ್ಲಾ ನನಗ ಪಾಠ ಆಗೇತಿ. ಬೇಕಾದ್ರ ನಕಾಶಿ ತಗದು ಕೊಡ್ತೀನಿ" ಅನ್ನುತ್ತಿದ್ದ. ನಕ್ಕು ಮುಗಿಯುವುದರೊಳಗೆ ಹೊಟ್ಟೆ ಹಿಡಿದುಕೊಂಡು ಓಡುತ್ತಿದ್ದ.

ಬೆಳಗಾವಿಯಲ್ಲಿ ಕರುಳಿನ ಡಾಕ್ಟರೊಬ್ಬರು ನೋಡುತ್ತಿದ್ದರು, ಹೆಣ್ಣುಮಗಳು, ಮಾತು ಖಡಕ್. ನಳಿಗೆ ಹಾಕಿ ನೋಡಿದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಹುಣ್ಣು. ಚೂರು ತೆಗೆದು ಪರೀಕ್ಷಿಸಿದರೂ ಖಚಿತವಾಗಲಿಲ್ಲ. ಅದೇ ಜಾಗದಲ್ಲಿ ಅದೇ ಥರದ ಹುಣ್ಣು ಮಾಡುವ ರೋಗಗಳು ಎರಡು. ಒಂದು ಕರುಳಿನ ಟಿಬಿ. ಇನ್ನೊಂದು ಕ್ರೋನ್ಸ್, ಅಂದರೆ ಮೈಯ ರಕ್ಷಣೆಯ ಪಡೆಯೇ ದಾರಿ ತಪ್ಪಿ ಸ್ವಂತ ಕರುಳನ್ನು ಸುಡುವುದು. ಮುಖ ಒಂದೇ, ಔಷಧ ಮಾತ್ರ ಒಂದಕ್ಕೊಂದು ವೈರಿ. ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡನ್ನು ಟಿಬಿಯವನಿಗೆ ಕೊಟ್ಟರೆ ಟಿಬಿ ಮೈತುಂಬ ಹಬ್ಬಿ ಆಳು ಹೋಗುತ್ತಾನೆ. ಟಿಬಿ ಮಾತ್ರೆಯನ್ನೇ ಕ್ರೋನ್ಸ್‌ನವನಿಗೆ ನುಂಗಿಸುತ್ತಾ ಕೂತರೆ ಕರುಳು ಕಟ್ಟಿಕೊಂಡೋ ತೂತು ಬಿದ್ದೋ ಹೋಗುತ್ತಾನೆ. ಮೂರು ತಿಂಗಳು ಟಿಬಿ ಮಾತ್ರೆ ನುಂಗಿಯೂ ಇರ್ಫಾನ ಇಳಿಯುತ್ತಲೇ ಇದ್ದ. ಆಗ ಡಾಕ್ಟರು ಮತ್ತೊಂದು ನಳಿಗೆ ಪರೀಕ್ಷೆಯ ಜೊತೆ ಒಂದು ರಕ್ತದ ಪರೀಕ್ಷೆಯನ್ನೂ ಬರೆದುಕೊಟ್ಟರು.

ಅದು ಆಂಟಿಬಾಡಿಯ ಪರೀಕ್ಷೆ. ಹೊರಗಿನವರು ಎನಿಸಿದ್ದರ ಮೇಲೆ ನಮ್ಮ ರಕ್ತ ಮಾಡಿಟ್ಟುಕೊಳ್ಳುವ ಹತ್ಯಾರವೇ ಆಂಟಿಬಾಡಿ. ಇಲ್ಲಿ ಹುಡುಕುವುದು ಎರಡು ಬಗೆಯದನ್ನು. ಒಂದು, ತನ್ನದೇ ಬಿಳಿ ಕಣಗಳ ಮೇಲೆ ತಿರುಗಿಬಿದ್ದದ್ದು. ಇನ್ನೊಂದು, ಬ್ರೆಡ್ ಉಬ್ಬಿಸುವ ಈಸ್ಟಿನ ಮೇಲೆ ಏಳುವಂಥದ್ದು. ಎರಡನೆಯದು ಕ್ರೋನ್ಸ್ ಇರುವವರಲ್ಲಿ ಹೆಚ್ಚಾಗಿ ಕಾಣುತ್ತದೆ, ಆದರೆ ಟಿಬಿಯವರಲ್ಲೂ ಬರುವುದುಂಟು. ಹತ್ತು ಸಾಕ್ಷಿಗಳ ನಡುವೆ ಅದೊಂದು ಸಣ್ಣ ಸಾಕ್ಷಿ ಅಷ್ಟೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವಂತಿದ್ದರೆ ಈ ಬರಹ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ರಕ್ತ ನಾನೇ ತೆಗೆದೆ. ನರ ಸಿಗಲಿಲ್ಲ, ಮೂರು ಸಲ ಚುಚ್ಚಿದೆ. ಮಕ್ತುಂಸಾಬ ಬಾಗಿಲಲ್ಲಿ ನಿಂತು ಮೂರು ಸಲವೂ ಹಲ್ಲು ಕಚ್ಚಿದ. ಹಳದಿ ಮುಚ್ಚಳದ ನಳಿಗೆ ಬೆಳಗಾವಿಗೆ ಹೋಗಿ, ಅಲ್ಲಿಂದ ಸಾಂಬ್ರಾ ನಿಲ್ದಾಣದ ವಿಮಾನ ಹತ್ತಿ ದೊಡ್ಡ ಊರಿನ ಲ್ಯಾಬಿಗೆ ಹೋಯಿತು. ವರದಿಗೆ ಒಂದು ವಾರ. ಆ ವಾರ ಮಳೆ ಬಿಡಲಿಲ್ಲ. ಹೆಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಎರಡು ಮಣ್ಣಿನ ಗೋಡೆ ಬಿದ್ದವು. ಮಕ್ತುಂಸಾಬ ದಿನಕ್ಕೆ ನಾಲ್ಕು ಸಲ ನಡುಬಾಗಿಲು ತೆರೆದು, "ಬಂತೇನ್ರಿ?" ಎಂದು ಕೇಳಿ ಮುಚ್ಚುತ್ತಿದ್ದ. ಮಗನ ಮುಖ ನೋಡುವ ಧೈರ್ಯ ಸಾಲದೆ ನನ್ನ ಮುಖ ನೋಡುತ್ತಿದ್ದನೆಂದು ಈಗ ಅನಿಸುತ್ತದೆ.

ವರದಿ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಬಿಳಿ ಕಣದ ಮೇಲಿನದು ಇಲ್ಲ. ಈಸ್ಟಿನ ಮೇಲಿನದು ಇದೆ, ಅಂಕಿ ಬಹಳ ಮೇಲಿದೆ. ನಾನೇ ಬಾಗಿಲು ಬಡಿದು ಕರೆದೆ. ಮಕ್ತುಂಸಾಬ ಬಂದು ಕೂತ. ಅವನ ಹಿಂದೆ ನಡುಬಾಗಿಲಲ್ಲಿ ದಸ್ತಗೀರ ನಿಂತ, ಮೊಣಕೈವರೆಗೂ ಹಿಟ್ಟು.

"ಏನ್ ಬರದಾರ್ರಿ?"

"ರೋಗದ ಗುರುತು ಹತ್ತಿದಂಗ ಐತಿ ಮಕ್ತುಂಭಾಯಿ. ಬ್ರೆಡ್ಡಿನ ಈಸ್ಟ್ ಇರ್ತೈತಲ್ಲ, ಇವನ ರಕ್ತ ಅದರ ಮ್ಯಾಲ ಹತ್ಯಾರ ಎತ್ತೇತಿ. ಒಂದಲ್ಲ ಎರಡಲ್ಲ, ಭಾಳ."

"ಈಸ್ಟಂದ್ರ? ನಾವ್ ಹಾಕೂದು?"

"ಅದ."

"ಪೊಟ್ಟಣದ್ದು?"

"ಹೌದ್ರಿ, ಅದ."

ಅಷ್ಟೇ ನಾನು ಹೇಳಿದ್ದು. ಆಮೇಲೆ 'ಇದು ಕ್ರೋನ್ಸ್ ಇದ್ದಂಗ ಕಾಣ್ತದ, ಮೇಡಮ್ ಹೇಳ್ತಾರ' ಎಂದು ಏನೋ ಸೇರಿಸುವಷ್ಟರಲ್ಲಿ ಹೊರಗೆ ಒಬ್ಬ ಬಸುರಿ ಹೆಣ್ಣುಮಗಳು ಛತ್ರಿ ಮಡಿಸುತ್ತ ಒಳಗೆ ಬಂದಳು. ನಾನು ಸೂಜಿ ಕೈಗೆತ್ತಿಕೊಂಡೆ. ಮಕ್ತುಂಸಾಬ ವರದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಎದ್ದು ಹೋದ. ದಸ್ತಗೀರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಹಿಟ್ಟು ಒಣಗಿತೇನೋ ಅಂದುಕೊಂಡೆ.

ಆ ಹೆಣ್ಣುಮಗಳ ರಕ್ತ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ. ಗೋಡೆಯ ಆಚೆ ತಗಡು ಬಿದ್ದ ಸಪ್ಪಳವಾಯಿತು. ಒಂದು ಟ್ರೇ ಅಲ್ಲ, ಇಡೀ ಸಾಲು. ಹಿಂದೆಯೇ ಮಕ್ತುಂಸಾಬನ ದನಿ. ಮನುಷ್ಯನ ದನಿ ಹಾಗಿರುವುದಿಲ್ಲ.

"ನನ್ನ ಮಗನ್ನ ತಿಂದಿ! ನಮ್ಮವ್ವನ ಖಮೀರ ಚೆಲ್ಲಿ ವಿಷ ತಂದು ಹಾಕಿದಿ! ದಿನಾ ನಿನ್ನ ಕೈಲೆ ಉಣಿಸಿದಿ!"

ನಡುಬಾಗಿಲು ತಳ್ಳಿದೆ. ಈಸ್ಟ್ ಪೊಟ್ಟಣಗಳೆಲ್ಲ ಹರಿದು ನೆಲದ ಮೇಲೆ. ಮೈದಾ ಮೂಟೆ ಸೀಳಿ ಮೊಣಕಾಲೆತ್ತರ ಬಿಳಿ ಧೂಳು. ಭಟ್ಟಿಯೊಳಗಿಂದ ಪಾವ್ ತೆಗೆಯುವ ಉದ್ದ ಹಿಡಿಕೆಯ ಸಲಿಕೆ ಮಕ್ತುಂಸಾಬನ ಕೈಯಲ್ಲಿತ್ತು, ಅದರ ತುದಿಗೆ ಕಬ್ಬಿಣದ ಪಟ್ಟಿ. ದಸ್ತಗೀರ ನಾದುವ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದ. ಮೊದಲ ಏಟು ಆಗಲೇ ಬಿದ್ದಿತ್ತು, ಹಣೆಯಿಂದ ರಕ್ತ ಇಳಿದು ಮೈದಾ ಹತ್ತಿದ ಮುಖದಲ್ಲಿ ಕೆಂಪು ಕಾಲುವೆ ಮಾಡಿತ್ತು. ಎರಡನೆಯ ಏಟು ಭುಜಕ್ಕೆ. ಅವನು ಬಾಗಿದ. ಬಲಗೈ ಮೇಜಿನ ಅಂಚಿನ ಮೇಲೆ ಊರಿತು. ಮೂರನೆಯ ಏಟು ಸರಿಯಾಗಿ ಮುಂಗೈಗೆ ಬಿತ್ತು. ಕಬ್ಬಿನ ಜಲ್ಲೆ ಮುರಿದ ಸದ್ದು. ಮಕ್ತುಂಸಾಬ ಮತ್ತೆ ಎತ್ತಿ ಅದೇ ಕೈಯ ಮೇಲೆ ಮತ್ತೊಂದು ಹಾಕಿದ.

ದಸ್ತಗೀರ ಕಿರುಚಲಿಲ್ಲ. ಅಣ್ಣನಿಗಿಂತ ಎರಡು ಪಟ್ಟು ಬಲ ಇದ್ದವನು, ಮನಸ್ಸು ಮಾಡಿದ್ದರೆ ಒಂದೇ ಕೈಯಲ್ಲಿ ಆ ಸಲಿಕೆ ಕಿತ್ತುಕೊಳ್ಳಬಹುದಿತ್ತು. ಕೈ ಎತ್ತಲಿಲ್ಲ. "ಭಾಯಿ, ಪಾವ್ ಸುಡಾಕತ್ತಾವು" ಅಂದ. ಇಷ್ಟೇ ಅಂದದ್ದು. ಖರೇ, ಭಟ್ಟಿಯ ಬಾಯಿಂದ ಕರೀ ಹೊಗೆ ಬರುತ್ತಿತ್ತು.

ಮೇಲಿನ ಮನೆಯಿಂದ ಇರ್ಫಾನ ಮೆಟ್ಟಿಲು ಇಳಿದು ಬಂದ. "ಅಬ್ಬಾ! ಚಾಚಾನ ಬಿಡು!" ಎಂದು ನಡುವೆ ನುಗ್ಗಿದ. ಮಕ್ತುಂಸಾಬ ಅವನನ್ನು ನೋಡಲಿಲ್ಲ. ಹಿಂದಕ್ಕೆ ಬೀಸಿದ ಸಲಿಕೆಯ ಹಿಡಿಕೆ ಇರ್ಫಾನನ ಹೊಟ್ಟೆಗೆ, ಹುಣ್ಣಿದ್ದ ಜಾಗಕ್ಕೇ ಹೊಡೆಯಿತು. ಅವನು ಬಾಯಿ ತೆರೆದ, ದನಿ ಬರಲಿಲ್ಲ, ಮೈದಾದಲ್ಲಿ ಕುಸಿದು ಬಿದ್ದ. ನಾನು ಹೋಗಿ ಸಲಿಕೆ ಹಿಡಿದೆ. ಅದು ಜಾರಿ ನನ್ನ ಬಾಯಿಗೆ ಬಡಿಯಿತು. ಕಣ್ಣೆದುರು ಒಂದು ಕ್ಷಣ ಕತ್ತಲೆ, ಬಾಯಲ್ಲಿ ಉಪ್ಪು, ನಾಲಿಗೆಯ ಮೇಲೆ ಒಂದು ಚೂರು. ಉಗುಳಿದೆ.

ಮಗ ಬಿದ್ದದ್ದನ್ನು ಆಗ ಕಂಡ ಮಕ್ತುಂಸಾಬ. ಸಲಿಕೆ ಬಿಟ್ಟ. ಹಿಂದೆ ಸರಿದು ಒಂದು ಮೂಟೆಯ ಮೇಲೆ ಕೂತುಬಿಟ್ಟ, ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು.

ಜಗಳ ಅಲ್ಲಿಗೆ ಮುಗಿದಿತ್ತು. ಮುಗಿದ ಮೇಲೆ ನಾನು ಅವನನ್ನು ಹೊಡೆದೆ. ಕೂತವನನ್ನು. ಕೈ ಬಿಟ್ಟವನನ್ನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು, ಕಾಲರ್ ಹಿಡಿದು, ಮುಖದ ಮೇಲೆ, ಮುಷ್ಟಿಯಿಂದ. ಒಂದು ಎರಡು ಅಲ್ಲ. ಅವನ ಎಡಗಣ್ಣು ಮುಚ್ಚಿಹೋಗುವ ತನಕ. ಹಲ್ಲು ಮುರಿದ ಸಿಟ್ಟು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವನ ಜೇಬಿನಿಂದ ಆ ವರದಿಯ ಮಡಿಕೆ ಅರ್ಧ ಹೊರಗೆ ಬಂದಿತ್ತು. ನಾನು ಹೊಡೆಯುತ್ತಿದ್ದದ್ದು ಅದನ್ನು ನೋಡುತ್ತಾ.

ನಿಲ್ಲಿಸಿದವನು ದಸ್ತಗೀರ. ಮುರಿದ ಕೈಯನ್ನು ಎದೆಗೆ ಅವಚಿಕೊಂಡು, ಎಡಗೈಯಿಂದ ನನ್ನ ಅಂಗಿ ಹಿಡಿದು ಎಳೆದ. "ಸಾಕ್ರಿ. ಪಾರನ್ನ, ನಮ್ಮ ಹುಡುಗನ್ನ ನೋಡ್ರಿ ಮೊದಲ."

ಇರ್ಫಾನನ ಪೈಜಾಮ ಒದ್ದೆಯಾಗಿತ್ತು. ಬರೀ ರಕ್ತ.

ಬೇಕರಿಯ ಟೆಂಪೊ ಇತ್ತು. ನಾನು ಓಡಿಸಿದೆ. ಹಿಂದೆ ಟ್ರೇಗಳ ನಡುವೆ ಇರ್ಫಾನ, ಅವನ ತಲೆ ದಸ್ತಗೀರನ ತೊಡೆಯ ಮೇಲೆ. ನನ್ನ ಬಾಜೂ ಮಕ್ತುಂಸಾಬ. ವೈಪರ್ ಒಂದೇ ಕೆಲಸ ಮಾಡುತ್ತಿತ್ತು, ಅದೂ ಅವನ ಕಡೆಯದು. ಖಾನಾಪುರದಿಂದ ಮಚ್ಛೆಯವರೆಗೆ ಎಷ್ಟು ತೆಗ್ಗಿದ್ದವೋ ಅಷ್ಟು ಸಲ ಹಿಂದಿನಿಂದ ನರಳುವ ದನಿ ಬಂತು, ಆಮೇಲೆ ಅದೂ ನಿಂತಿತು. ದನಿ ನಿಂತದ್ದು ಹೆಚ್ಚು ಭಯ ಹುಟ್ಟಿಸಿತು. ಟಿಳಕವಾಡಿಯ ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ, ಮುಗಿಯಲೇ ಒಲ್ಲದು. ಆ ನಿಂತ ಹೊತ್ತಿನಲ್ಲಿ ಮಕ್ತುಂಸಾಬ ಒಂದೇ ಮಾತು ಆಡಿದ, ಮುಂದೆ ನೋಡುತ್ತಾ.

"ನೀವ ಹೇಳಿದ್ರಿ."

"ನಾ ಹಂಗ ಹೇಳಲಿಲ್ಲ" ಅಂದೆ.

ಆಸ್ಪತ್ರೆಯಲ್ಲಿ ಇರ್ಫಾನನನ್ನು ನೇರ ಆಪರೇಷನ್ನಿಗೆ ಒಯ್ದರು. ಮೊದಲೇ ಬಿಗಿದು ಕಿರಿದಾಗಿದ್ದ ಕರುಳು ಒಡೆದಿತ್ತು. ದಸ್ತಗೀರನನ್ನು ಎಲುಬಿನ ವಾರ್ಡಿಗೆ, ಬೇರೆ ಕಟ್ಟಡಕ್ಕೆ. ಹೇಗಾಯಿತು ಎಂದು ಬರೆದುಕೊಳ್ಳುವವರು ಕೇಳಿದರು. "ಹಿಟ್ಟಿನ ಮ್ಯಾಲ ಕಾಲ ಜಾರಿ ಬಿದ್ದೆ" ಅಂದ ದಸ್ತಗೀರ. ಮಕ್ತುಂಸಾಬನ ಕಣ್ಣು? ಅವನೂ ಬಿದ್ದಿದ್ದ. ನನ್ನ ಹಲ್ಲು? ನಾನೂ ಬಿದ್ದಿದ್ದೆ. ಒಂದೇ ಬೇಕರಿಯಲ್ಲಿ ಒಂದೇ ಮಧ್ಯಾಹ್ನ ಮೂವರು ಜಾರಿ ಬಿದ್ದರೆಂದು ಬರೆದುಕೊಂಡವರು ಪೆನ್ನು ನಿಲ್ಲಿಸಿ ಒಮ್ಮೆ ನಮ್ಮ ಮುಖ ನೋಡಿದರು.

ಡಾಕ್ಟರ್ ಮೇಡಮ್ ಹೊರಗೆ ಬಂದಾಗ ವರಾಂಡದಲ್ಲಿ ನಾನು ಮತ್ತು ಮಕ್ತುಂಸಾಬ ಇದ್ದೆವು. ಏನಾಯಿತೆಂದು ಮಕ್ತುಂಸಾಬನೇ ತಡವರಿಸುತ್ತ ಹೇಳಿದ, ಈಸ್ಟಿನದೂ ಹೇಳಿದ. ಅವರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಓದಿ ಹೇಳಾಕ ನಿನಗ ಯಾರ್ ಹೇಳಿದ್ರೊ? ಮಳ್ಯಾಗ ಗೋಡಿ ಬೀಳ್ತೈತಿ. ಬಿದ್ದ ಕಿಂಡ್ಯಾಗ ಓಣ್ಯಾನ ನಾಯಿ ಒಳಗ ಬರ್ತೈತಿ. ಮನಿಯವ್ರು ಬಡಿಗಿ ತಗೊಂಡು ನಾಯಿ ಹೊಡೀತಾರ. ಆ ಬಡಿಗಿ ಐತಲ್ಲ, ಅದ ನಿನ್ನ ಆಂಟಿಬಾಡಿ. ನಾಯಿ ಗೋಡಿ ಕೆಡವಿತೇನು? ಇವನ ಕರುಳಿನ ಗೋಡಿ ಮೊದಲ ಹರದಿತ್ತು. ದಿನಾ ಹೊಟ್ಟಿಗಿ ಹೋಗೂ ಈಸ್ಟ್ ಆ ಕಿಂಡ್ಯಾಗ ರಕ್ತ ಮುಟ್ಟೇತಿ, ರಕ್ತ ಬಡಿಗಿ ಎತ್ತೇತಿ. ಬಡಿಗಿ ಕಂಡು ಗೋಡಿ ಬಿದ್ದೈತಿ ಅಂತ ನಾವ್ ತಿಳೀತೀವಿ, ಅಷ್ಟ. ಪೊಟ್ಟಣದ್ದೂ ಅದ, ಇವರವ್ವನ ಗಡಗ್ಯಾನದೂ ಅದರ ಕುಲಾನ. ಅದರಿಂದ ರೋಗ ಬರೂದಿಲ್ಲ. ಇಷ್ಟು ಹೇಳಾಕ ನಿನಗ ಬಾಯಿ ಇರಲಿಲ್ಲೇನು?"

ಬಾಯಿ ಊದಿಕೊಂಡಿತ್ತು. ಮಕ್ತುಂಸಾಬ ಗೋಡೆಗೆ ಹಣೆ ಹಚ್ಚಿ ನಿಂತ.

ಇರ್ಫಾನ ಉಳಿದ. ಕತ್ತರಿಸಿ ತೆಗೆದ ಕರುಳಿನ ತುಂಡನ್ನು ಪರೀಕ್ಷಿಸಿದ ಮೇಲೆ ಕ್ರೋನ್ಸ್ ಎಂದು ಖಾತ್ರಿಯಾಯಿತು. ಟಿಬಿ ಮಾತ್ರೆ ನಿಲ್ಲಿಸಿ ಸರಿಯಾದ ಔಷಧ ಶುರುವಾಯಿತು. ಅಂದರೆ ಆ ರಕ್ತದ ಸಾಕ್ಷಿ ಬೆರಳು ತೋರಿಸಿದ ದಿಕ್ಕು ಸರಿಯಾಗಿಯೇ ಇತ್ತು. ದಸ್ತಗೀರನ ಮುಂಗೈಯ ಎರಡೂ ಎಲುಬು ಚೂರಾಗಿ ಕೈ ಸೊಟ್ಟ ಕೂಡಿಕೊಂಡಿತು ಎಂದು ಯಾರೋ ಹೇಳಿದರು. ನೋಡಲು ಹೋಗಲಿಲ್ಲ. ನಾನು ಬೆಳಗಾವಿಗೆ ವರ್ಗ ಕೇಳಿ ತೆಗೆದುಕೊಂಡೆ. ಏಳು ವರ್ಷ ಒಂದು ವಾದ ಕಟ್ಟಿಕೊಂಡು ಬದುಕಿದೆ: ಈಸ್ಟಿನಿಂದ ರೋಗ ಬಂತು ಎಂದು ನಾನು ಹೇಳಿಲ್ಲ. ಕೇಳಿದ್ದಕ್ಕೆ 'ಅದ' ಅಂದೆ, ಅಷ್ಟೇ. ಅವರು ತಿಳಿದುಕೊಂಡದ್ದಕ್ಕೆ ನಾನು ಹೊಣೆಯಲ್ಲ. ಈ ವಾದಕ್ಕೆ ಎದುರಾಳಿ ವಕೀಲ ಯಾರೂ ಇರಲಿಲ್ಲವಾದ್ದರಿಂದ ದಿನಾ ನಾನೇ ಗೆಲ್ಲುತ್ತಿದ್ದೆ.

ಹೋದ ತಿಂಗಳು ಬೆಳಿಗ್ಗೆ ರಕ್ತ ತೆಗೆಯಬೇಕಾದವರ ಚೀಟಿಯಲ್ಲಿ ಮೂರನೆಯ ಹೆಸರು ಇರ್ಫಾನನದು. ಆರು ತಿಂಗಳಿಗೊಮ್ಮೆಯ ಮಾಮೂಲಿ ತಪಾಸಣೆ. ಖೋಲಿಗೆ ಬರುವ ಬದಲು ನಡುಬಾಗಿಲಲ್ಲಿ ಇಣುಕಿ, "ಶಿವಾನಂದಣ್ಣ! ಬರ್ರಿ, ಒಳಗ ಬರ್ರಿ" ಎಂದು ಎಳೆದುಕೊಂಡೇ ಹೋದ. ಮೈ ತುಂಬಿಕೊಂಡಿದ್ದಾನೆ. ಗಲ್ಲೆಯ ಮೇಲೆ ಈಗ ಅವನೇ ಕೂಡುತ್ತಾನೆ. ಅವನ ಕೈಯಲ್ಲಿ ಅರ್ಧ ತಿಂದ ಪಾವಿತ್ತು.

ಒಳಗೆ ನಾದುವ ಮೇಜಿನ ಎದುರು ನಿಂತಿದ್ದವನು ಮಕ್ತುಂಸಾಬ. ಗಲ್ಲೆ ಬಿಟ್ಟು ಏಳದಿದ್ದ ಮನುಷ್ಯ, ಅರವತ್ತರ ಹತ್ತಿರ ಬಂದವನು, ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಾದುತ್ತಿದ್ದ. ಉಂಡೆಗಳು ಒಂದು ದೊಡ್ಡದು, ಒಂದು ಸಣ್ಣದು. ಬಾಜೂಕೆ ಸ್ಟೂಲಿನ ಮೇಲೆ ದಸ್ತಗೀರ ಕೂತು, "ನೀರ ಸಾಕು ಭಾಯಿ", "ಇನ್ನೊಂದ್ ಸ್ವಲ್ಪ ಒಗಿ" ಎಂದು ಹೇಳುತ್ತಿದ್ದ. ಅವನ ಬಲಗೈ ಬೆರಳುಗಳು ಅರ್ಧ ಮಡಿಸಿಕೊಂಡು ತೊಡೆಯ ಮೇಲೆ ಮಲಗಿದ್ದವು. ನನ್ನೆದುರಿಗೇ ಮಕ್ತುಂಸಾಬ ಒಂದು ಈಸ್ಟ್ ಪೊಟ್ಟಣ ಹಲ್ಲಿನಿಂದ ಹರಿದು ನೀರಿಗೆ ಸುರಿದ. ಏಳು ವರ್ಷದಿಂದ ಆ ಕೆಲಸ ಅವನೇ ಮಾಡುತ್ತಾನಂತೆ, ಬೇರೆಯವರನ್ನು ಮುಟ್ಟಗೊಡುವುದಿಲ್ಲವಂತೆ.

ನನ್ನನ್ನು ನೋಡಿ ಕೈ ನಿಲ್ಲಿಸಿದ. ನಮಸ್ಕಾರ ಇಲ್ಲ, ಬರ್ರಿ ಇಲ್ಲ. "ಒಂದ್ ಮಾತ್ ಕೇಳೂದಿತ್ತು" ಅಂದ. "ಅವತ್ತು ನೀವು ಹೇಳಿದ್ದು ತಪ್ಪೋ, ನಾ ಕೇಳಿದ್ದು ತಪ್ಪೋ? ಇಷ್ಟ ಹೇಳ್ರಿ."

ವಾದ ಸಿದ್ಧವಿತ್ತು, ಏಳು ವರ್ಷ ಮಸೆದದ್ದು. ಆ ಒಂದು ದೊಡ್ಡ ಒಂದು ಸಣ್ಣ ಉಂಡೆಗಳನ್ನು ನೋಡಿದೆ.

"ನಾ ಹೇಳಿದ್ದು ತಪ್ಪು, ಮಕ್ತುಂಭಾಯಿ. ಆಮ್ಯಾಲ ನಿಮ್ಮನ್ನ ಹೊಡದದ್ದೂ ತಪ್ಪು."

ಅವನು ಗೋಣು ಹಾಕಿದ, ಮತ್ತೆ ನಾದತೊಡಗಿದ. ಸ್ಟೂಲಿನಿಂದ ದಸ್ತಗೀರ ಮಾತಾಡಿದ, ನನಗಲ್ಲ, ಹಿಟ್ಟಿಗೆ ಹೇಳಿದಂತೆ.

"ನಾನೂ ಬಾಗಲದಾಗ ನಿಂತು ಕೇಳಿದ್ನಿ. ನಾನೂ ಹಂಗ ತಿಳಕೊಂಡ್ನಿ. ಪಾರನ್ನ ನಾನ ಕೆಡಿಸಿದ್ನಿ ಅಂತ. ಇಲ್ಲಾಂದ್ರ ಭಾಯಿ ಹೊಡ್ಯಾಕ ಬಂದಾಗ ಕೈ ಎತ್ತತಿದ್ದಿಲ್ಲೇನು?"

ಮಕ್ತುಂಸಾಬನ ಕೈ ಹಿಟ್ಟಿನೊಳಗೇ ನಿಂತುಹೋಯಿತು.

"ಆಮ್ಯಾಲ ಯಾರೂ ಏನೂ ಹೇಳಲಿಲ್ಲ" ಎಂದ ದಸ್ತಗೀರ. "ಮನ್ಯಾಗ ಆ ದಿನದ ಮಾತು ಯಾರೂ ಎತ್ತೂದಿಲ್ಲ. ಪಾರ ಪಾವ್ ತಿಂದು ಆರಾಮ ಇರೂದು ನೋಡಿ, ಇಲ್ಲ ಬಿಡು, ಅದರಿಂದಲ್ಲ ಅಂತೀನಿ. ವರ್ಷಕ್ಕೊಮ್ಮೆ ಅವನ ಹೊಟ್ಟಿ ನೋಯ್ತೈತಿ, ಆಗ ಆ ಪೊಟ್ಟಣದ ಕಡೆ ನೋಡ್ತೀನಿ. ಭಾಯಿ ದಿನಾ ಹರದು ಹಾಕ್ತಾನ. ಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲ. ಅಂವ ನನ್ನ ಹೊಡದ ತಪ್ಪಿಗಂತ ಹಾಕಾಕತ್ತಾನ, ನಾ ಹೆಂಗ ಬ್ಯಾಡ ಅನ್ಲಿ?"

ಮೇಡಮ್ ವರಾಂಡದಲ್ಲಿ ಹೇಳಿದ್ದನ್ನು ಕೇಳಿದವರು ಇಬ್ಬರೇ, ನಾನು ಮತ್ತು ಮಕ್ತುಂಸಾಬ. ಎಲುಬಿನ ವಾರ್ಡು ಅಲ್ಲಿಂದ ಒಂದು ಅಂಗಳ ದಾಟಿದರೆ ಸಿಗುತ್ತಿತ್ತು. ಅವನು ನಾಚಿಕೆಯಿಂದ ಹೋಗಿರಲಿಲ್ಲ. ನನ್ನನ್ನು ಯಾವುದು ತಡೆದಿತ್ತು? ಮಳೆ ಬರುತ್ತಿತ್ತು, ಬಾಯಿ ನೋಯುತ್ತಿತ್ತು, ಅಷ್ಟೇ. ಬಾರದ ಡಾಕ್ಟರಿಕೆಯನ್ನು ಊರಿಗೆಲ್ಲ ಹಂಚಿದವನು, ಹೇಳಲೇಬೇಕಾಗಿದ್ದ ಒಂದು ಮಾತನ್ನು ಕೇಳಬೇಕಾಗಿದ್ದ ಒಬ್ಬನಿಗೆ ಹೇಳಿರಲಿಲ್ಲ.

ಸ್ಟೂಲಿನ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಆ ಸೊಟ್ಟ ಕೈ ನನ್ನ ಮುಖದ ಮಟ್ಟಕ್ಕೆ ಬಂತು.

"ದಸ್ತಗೀರಭಾಯಿ, ಕೇಳ್ರಿ. ಗೋಡಿ ಮೊದಲ ಬಿದ್ದಿತ್ತು. ನಾಯಿ ಆಮ್ಯಾಲ ಬಂತು" ಎಂದು ಶುರುಮಾಡಿ, ಡಾಕ್ಟರು ಹೇಳಿದ್ದನ್ನೆಲ್ಲ, ಬಡಿಗೆ, ಕಿಂಡಿ, ಪೊಟ್ಟಣ, ಗಡಿಗೆ, ಒಂದೂ ಬಿಡದೆ ಹೇಳಿದೆ. "ನಿಮ್ಮ ಕೈಯಿಂದ ಅವನಿಗೆ ಏನೂ ಆಗಿಲ್ಲ."

ಇರ್ಫಾನನ ಬಾಯಲ್ಲಿ ಪಾವ್ ಹಾಗೇ ಇತ್ತು. ಮಕ್ತುಂಸಾಬ ನಮಗೆ ಬೆನ್ನು ತಿರುಗಿಸಿ ಮೇಜು ಹಿಡಿದುಕೊಂಡಿದ್ದ.

"ಇನ್ನೊಮ್ಮೆ ಹೇಳ್ರಿ" ಅಂದ ದಸ್ತಗೀರ.

ಇನ್ನೊಮ್ಮೆ ಹೇಳಿದೆ.